ಫ್ಯೂಮ್ ಹುಡ್‌ನ ಗಾಜು ಇಳಿಸಿದರೂ ಬಿಲ್ ಇಳಿಯಲಿಲ್ಲ, ಯಾಕೆ?

ಪ್ರಶ್ನೆ: ನಮ್ಮ ಕೆಮಿಸ್ಟ್ರಿ ಲ್ಯಾಬಿನ ಫ್ಯೂಮ್ ಹುಡ್ (ವಿಷದ ಆವಿಯನ್ನು ಫ್ಯಾನಿನಿಂದ ಹೊರಗೆಳೆಯುವ, ಮುಂದೆ ಜಾರುವ ಗಾಜಿರುವ ಪೆಟ್ಟಿಗೆ) ಮೇಲೆ ‘ಕೆಲಸ ಮುಗಿದ ಮೇಲೆ ಹುಡ್‌ನ ಗಾಜು ಇಳಿಸಿ, ವಿದ್ಯುತ್ ಉಳಿಸಿ’ ಎಂದು ಚೀಟಿ ಅಂಟಿಸಿ ವರ್ಷವಾಯಿತು. ಎಲ್ಲರೂ ಇಳಿಸುತ್ತಾರೆ. ಬಿಲ್ ಮಾತ್ರ ಇದ್ದಲ್ಲೇ ಇದೆ.

ಉತ್ತರ: ಗಾಜು ಇಳಿಸುವುದನ್ನು ಬಿಡಬೇಡಿ, ಏನಾದರೂ ಸಿಡಿದರೆ ಮುಖಕ್ಕೆ ಅದೇ ಅಡ್ಡ. ಆದರೆ ಬಿಲ್ ಇಳಿಯಬೇಕಾದರೆ ಹೊರಹೋಗುವ ಗಾಳಿಯೇ ಕಡಿಮೆಯಾಗಬೇಕು. ನಿಮ್ಮದು ಬಹುಶಃ ಬೈಪಾಸ್ ಇರುವ ಹುಡ್. ಗಾಜು ಕೆಳಗೆ ಬಂದಂತೆ ಮೇಲಿನ ಜಾಲರಿ ತೆರೆದುಕೊಳ್ಳುತ್ತದೆ, ಫ್ಯಾನ್ ಅಷ್ಟೇ ಗಾಳಿಯನ್ನು ಅಲ್ಲಿಂದ ಎಳೆಯುತ್ತದೆ. ಗಾಜು ಪೂರ್ತಿ ಇಳಿಸಿ, ಟಿಶ್ಯೂ ಪೇಪರಿನ ತುಂಡೊಂದನ್ನು ಜಾಲರಿಯ ಹತ್ತಿರ ಹಿಡಿಯಿರಿ. ಪಟ್ಟನೆ ಅಂಟಿಕೊಂಡರೆ ಸಂಶಯವೇ ಬೇಡ.

ಆ ಗಾಳಿ ಪುಕ್ಕಟೆಯಲ್ಲ, ಹೋದದ್ದರ ಬದಲಿಗೆ ಹೊರಗಿನ ಗಾಳಿಯನ್ನು ತಣಿಸಿ ಕೋಣೆಗೆ ತುಂಬಬೇಕು. 1.2 ಮೀಟರ್ ಅಗಲದ ಬಾಯಿ, 45 ಸೆಂ.ಮೀ. ತೆರೆದ ಗಾಜು, ಸೆಕೆಂಡಿಗೆ 0.5 ಮೀಟರ್ ವೇಗ ಎಂದರೆ ಗಂಟೆಗೆ ಸುಮಾರು 970 ಘನ ಮೀಟರ್. ಮಂಗಳೂರಿನ 32 ಡಿಗ್ರಿಯ, ಶೇ. 70 ತೇವಾಂಶದ ಗಾಳಿಯನ್ನು 14 ಡಿಗ್ರಿಗೆ ತಣಿಸಿ ಕೊಡಲು ಈ ಒಂದೇ ಹುಡ್‌ಗೆ ಸುಮಾರು 4 ಟನ್ ಎಸಿ ಬೇಕು. ಎಸಿ ಇಲ್ಲದ ಲ್ಯಾಬಾದರೆ ಉಳಿಸಲು ಇರುವುದು ಫ್ಯಾನಿನ ಕರೆಂಟ್ ಮಾತ್ರ.

ದುಡ್ಡು ಕಡಿಮೆಯಿದ್ದರೆ ಹೀಗೆ ಮಾಡಿ: ಗಾಜು 70ರ ಬದಲು 45 ಸೆಂ.ಮೀ.ಗೆ ನಿಲ್ಲುವಂತೆ ತಡೆ ಹಾಕಿ, ಮೋಟಾರಿನ ಪುಲ್ಲಿಯನ್ನು ಚಿಕ್ಕದು ಮಾಡಿಸಿ. ಹುಡ್‌ನ ಬಾಯಲ್ಲಿ ಗಾಳಿಯ ವೇಗ ಮೊದಲಿನಷ್ಟೇ ಇರುತ್ತದೆ, ಹೊರಹೋಗುವ ಗಾಳಿ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚೇ ಇಳಿಯುತ್ತದೆ. ಫ್ಯಾನಿನ ವಿದ್ಯುತ್ ಅದು ತಿರುಗುವ ವೇಗದ ಘನಕ್ಕೆ ತಕ್ಕಂತೆ ಬದಲಾಗುವುದರಿಂದ ಲೆಕ್ಕದ ಪ್ರಕಾರ ಕಾಲುಭಾಗದ ಆಸುಪಾಸಿಗೆ ಬರುತ್ತದೆ. ತಡೆ ಹಾಕದೆ ಪುಲ್ಲಿ ಮಾತ್ರ ಬದಲಿಸುವುದು ಅಪಾಯ, ಬಾಯಲ್ಲಿ ಗಾಳಿಯ ವೇಗ ಸೆಕೆಂಡಿಗೆ 0.4 ಮೀಟರಿಗಿಂತ ಕೆಳಗೆ ಹೋದೀತು.

ದುಡ್ಡಿದ್ದರೆ ವಿಎವಿ, ಅಂದರೆ ಗಾಜು ಇಳಿದಂತೆ ಗಾಳಿಯನ್ನೂ ಇಳಿಸುವ ವ್ಯವಸ್ಥೆ: ಗಾಜಿನ ಎತ್ತರ ಓದುವ ಸೆನ್ಸರ್, ಗಾಳಿ ಹೋಗುವ ಡಕ್ಟಿನಲ್ಲಿ ಚುರುಕಾದ ಡ್ಯಾಂಪರ್ (ಗಾಳಿಯನ್ನು ತಡೆಯುವ, ಬಿಡುವ ಬಾಗಿಲು), ಫ್ಯಾನಿಗೆ ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಸಾಧನ). ಕೋಣೆಗೆ ಬರುವ ಗಾಳಿಯೂ ಜೊತೆಜೊತೆಗೇ ಇಳಿಯಬೇಕು, ಇಲ್ಲವಾದರೆ ವಾಸನೆ ಕಾರಿಡಾರಿಗೆ ನುಗ್ಗುತ್ತದೆ. ಇಷ್ಟಾಗಿಯೂ ಫ್ಯಾನಿನ ಯೂನಿಟ್ ಇಳಿಯದಿದ್ದರೆ ತಾರಸಿ ಹತ್ತಿ ನೋಡಿ. ಚಿಮಣಿಯಿಂದ ಹೊರಬೀಳುವ ಗಾಳಿಯ ವೇಗ ಕಾಯ್ದುಕೊಳ್ಳಲು ಅಲ್ಲಿನ ಡ್ಯಾಂಪರ್ ಹೊರಗಿನ ಗಾಳಿ ಎಳೆದುಕೊಳ್ಳುತ್ತಿರಬಹುದು.

ಯಾವ ದಾರಿ ಹಿಡಿದರೂ ಕೊನೆಗೆ ಹೊಗೆ ಬಿಟ್ಟು ಪರೀಕ್ಷಿಸಿ. ಹೊಗೆ ಬಾಯಂಚಿನಲ್ಲಿ ಸುಳಿದು ನಿಮ್ಮತ್ತ ತಿರುಗಿದರೆ, ಗಾಳಿ ಹೊರಹೋಗುವ ಹಿಂಬದಿಯ ಸೀಳಿಗೆ ಬಾಟಲಿಗಳು ಅಡ್ಡ ಕೂತಿವೆಯೇ, ತಲೆಯ ಮೇಲೆ ಸೀಲಿಂಗ್ ಫ್ಯಾನ್ ತಿರುಗುತ್ತಿದೆಯೇ ಎಂದು ಮೊದಲು ನೋಡಿ.