ಡಕ್ಟಿನೊಳಗೆ ಯಾರು ಇಣುಕಿದ್ದಾರೆ?

ಹೋಟೆಲ್ ಅಥವಾ ಕೆಫೆಯ ಅಗ್ನಿ ಸುರಕ್ಷತೆ ನೋಡಲು ಹೋದರೆ ಮಾಲೀಕರು ಮೊದಲು ತೆಗೆಯುವುದು ಫೈಲು. ಟ್ರೇಡ್ ಲೈಸೆನ್ಸ್ ಇದೆ, ಕಟ್ಟಡಕ್ಕೆ ಅಗ್ನಿಶಾಮಕ ಇಲಾಖೆ ಕೊಟ್ಟ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಜೆರಾಕ್ಸ್ ಇದೆ, ಕ್ಯಾಶ್ ಕೌಂಟರ್ ಪಕ್ಕ ಬೆಂಕಿ ಆರಿಸುವ ಕೆಂಪು ಸಿಲಿಂಡರೂ ಇದೆ. ‘ಎಲ್ಲಾ ಕ್ಲಿಯರ್ ಸಾರ್’ ಅನ್ನುತ್ತಾರೆ. ಫೈಲು ಬೇಡ ಅಂತಲ್ಲ. ಆದರೆ ಎಷ್ಟೋ ಕಡೆ ಆ ಎನ್‌ಒಸಿ ಕೊಟ್ಟ ದಿನ ಈ ಅಡುಗೆಮನೆ ಅಲ್ಲಿ ಇರಲೇ ಇಲ್ಲ. ಹಾಗಾಗಿ ನಾನು ಮೊದಲು ಕೇಳುವುದೇ ಬೇರೆ: ಚಿಮಣಿಯ ಡಕ್ಟ್, ಅಂದರೆ ಹೊಗೆ ಹೊರಗೆ ಒಯ್ಯುವ ಕೊಳವೆ, ಬಿಚ್ಚಿ ನೋಡಿದ್ದು ಯಾವಾಗ?

ಸಾಮಾನ್ಯವಾಗಿ ಸಿಗುವ ಉತ್ತರ, ‘ವಾರಕ್ಕೊಮ್ಮೆ ತೊಳೀತೀವಲ್ಲ.’ ಅವರು ತೊಳೆಯುವುದು ಒಲೆ ಮೇಲೆ ಹೊಗೆ ಹೀರುವ ಹುಡ್‌ನ ಫಿಲ್ಟರನ್ನು. ಅದು ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುತ್ತದೆ. ಅದರ ಹಿಂದಿನ ತಗಡಿನ ಕೊಳವೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ಬೆಳಗ್ಗೆ ವಡೆ, ಪೂರಿ, ಸಂಜೆ ಬಜ್ಜಿ, ರಾತ್ರಿ ಗೋಬಿ ಮಂಚೂರಿ. ಕರಿದಷ್ಟೂ ಎಣ್ಣೆಯ ಆವಿ ಮೇಲೇರಿ, ತಣ್ಣಗಿನ ತಗಡಿಗೆ ತಾಗಿ ಜಿಡ್ಡಾಗಿ ಕೂರುತ್ತದೆ. ಮೊದಲು ಹಳದಿ ಇರುತ್ತದೆ. ತಿಂಗಳು ಕಳೆದಂತೆ ಟಾರಿನ ಹಾಗೆ ಕಪ್ಪಾಗಿ, ದಪ್ಪವಾಗುತ್ತದೆ. ಬಾಣಲೆಯ ಜ್ವಾಲೆ ಒಮ್ಮೆ ಫಿಲ್ಟರ್ ದಾಟಿ ಅಲ್ಲಿಗೆ ಮುಟ್ಟಿದರೆ ಮುಗೀತು. ಡಕ್ಟ್ ಫಾಲ್ಸ್ ಸೀಲಿಂಗ್ ಮೇಲೆ ಹಾದು ಟೆರೇಸಿನವರೆಗೂ ಹೋಗಿರುತ್ತದೆ. ಬೆಂಕಿಗೂ ಅದೇ ದಾರಿ. ಕೆಳಗೆ ನಿಂತವರು ಎಷ್ಟು ಪೌಡರ್ ಹೊಡೆದರೂ ಮೇಲಕ್ಕೆ ತಲುಪುವುದಿಲ್ಲ.

ಜಿಡ್ಡು ಜಾಸ್ತಿ ಕೂರುವುದು ಡಕ್ಟ್ ಅಡ್ಡ ಹೋಗುವಲ್ಲಿ ಮತ್ತು ತಿರುವುಗಳಲ್ಲಿ. ಸರಿಯಾಗಿ ಅಲ್ಲೇ ಕೈ ಹಾಕಲು ಕಿಂಡಿ ಇರುವುದಿಲ್ಲ. ಫ್ಯಾಬ್ರಿಕೇಟರ್‌ಗೆ ಹೇಳಿ ಪ್ರತಿ ತಿರುವಿನಲ್ಲಿ ಒಂದು ಬಾಗಿಲು ಇಡಿಸಿ. ದೊಡ್ಡ ಖರ್ಚಲ್ಲ. ಜಾಲರಿ ಫಿಲ್ಟರ್ ಇದ್ದರೆ ಬದಲಿಸಿ ಬಾಗಿದ ತಗಡಿನ ಪಟ್ಟಿಗಳಿರುವ ಬ್ಯಾಫಲ್ ಫಿಲ್ಟರ್ ಹಾಕಿಸಿ. ಜಾಲರಿಯಲ್ಲಿ ಜಿಡ್ಡು ಅಲ್ಲೇ ಉಳಿದು ಅದೇ ಹೊತ್ತಿಕೊಳ್ಳುತ್ತದೆ. ಬ್ಯಾಫಲ್‌ನಲ್ಲಿ ಜಿಡ್ಡು ಕೆಳಗಿನ ಟ್ರೇಗೆ ಇಳಿಯುತ್ತದೆ, ಜ್ವಾಲೆಗೂ ನೇರ ದಾರಿ ಇರುವುದಿಲ್ಲ. ದಿನವಿಡೀ ಕರಿಯುವ ಕಡೆ ಮೂರು ತಿಂಗಳಿಗೊಮ್ಮೆ ಡಕ್ಟ್ ಕ್ಲೀನ್ ಮಾಡಿಸಬೇಕು. ಬರೀ ಕಾಫಿ, ಸ್ಯಾಂಡ್‌ವಿಚ್ ಮಾಡುವ ಕೆಫೆಗೆ ವರ್ಷಕ್ಕೊಮ್ಮೆ ಸಾಕು. ಕ್ಲೀನ್ ಮಾಡುವವರಿಂದ ಬಿಲ್ ಜೊತೆ ಒಳಗಿನ ಫೋಟೊನೂ ಕೇಳಿ ಪಡೆಯಿರಿ, ಇಲ್ಲದಿದ್ದರೆ ಕೈಗೆ ಎಟುಕಿದಷ್ಟು ಒರೆಸಿ ಹೋಗುತ್ತಾರೆ.

ಇನ್ನು ಆ ಕೆಂಪು ಸಿಲಿಂಡರ್. ಸಾಮಾನ್ಯವಾಗಿ ಎಲ್ಲ ಕಡೆ ಇರುವುದು ಎಬಿಸಿ ಪೌಡರ್. ಹೊತ್ತಿಕೊಂಡ ಎಣ್ಣೆಗೆ ಹೊಡೆದರೆ ಜ್ವಾಲೆ ಅಡಗುತ್ತದೆ, ಆದರೆ ಎಣ್ಣೆ ತಣ್ಣಗಾಗುವುದಿಲ್ಲ. ಪೌಡರ್ ಚದುರಿದ ಮೇಲೆ ಮತ್ತೆ ಹೊತ್ತಿಕೊಳ್ಳಬಹುದು. ಅಡುಗೆ ಎಣ್ಣೆಯ ಬೆಂಕಿಗೆ ವೆಟ್ ಕೆಮಿಕಲ್, ಅಂದರೆ ದ್ರವ ರಾಸಾಯನಿಕ ಇರುವ ಸಿಲಿಂಡರ್ ಬೇಕು. ಅದರ ಮೇಲೆ ‘ಎಫ್’ ಅಥವಾ ‘ಕೆ’ ಅಂತ ಗುರುತು ಇರುತ್ತದೆ. ಜೊತೆಗೆ ಬಾಣಲೆ ಪೂರ್ತಿ ಮುಚ್ಚುವಷ್ಟು ಅಗಲದ ಸ್ಟೀಲ್ ತಟ್ಟೆ ಒಲೆ ಪಕ್ಕದಲ್ಲೇ ಇರಲಿ. ಗ್ಯಾಸ್ ಬಂದ್ ಮಾಡು, ಮುಚ್ಚು, ಬಾಣಲೆ ಎತ್ತಬೇಡ. ಅಡುಗೆಮನೆಗೆ ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ದಿನವೇ ಹೇಳಿಕೊಡಬೇಕಾದ್ದು ಇದು. ನೀರು ಮಾತ್ರ ಬೇಡವೇ ಬೇಡ. ಎಣ್ಣೆಗಿಂತ ಭಾರವಾದ ನೀರು ತಳಕ್ಕೆ ಇಳಿದು, ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಸೂರಿಗೆ ಎರಚುತ್ತದೆ.

ಗ್ಯಾಸ್ ಬಂದ್ ಮಾಡು ಅಂದೆನಲ್ಲ, ಎಲ್ಲಿ? ‘ಭಟ್ರೇ, ಮೇನ್ ವಾಲ್ವ್ ಎಲ್ಲಿದೆ?’ ಅಂತ ಕೇಳಿ ನೋಡಿ. ನಾನು ಕೇಳಿದ ಒಂದು ಕಡೆ ಭಟ್ಟರು ಮೂರು ಮೈದಾ ಮೂಟೆ ಸರಿಸಿ ತೋರಿಸಿದರು. ಹಿಡಿ ಎಣ್ಣೆ ಕುಡಿದು ಬಿಗಿಯಾಗಿತ್ತು, ತಿರುಗಲೇ ಇಲ್ಲ. ವಾಲ್ವ್ ಇರಬೇಕಾದ್ದು ಒಲೆಯಿಂದ ದೂರ, ಹೊರಗೆ ಹೋಗುವ ದಾರಿಯಲ್ಲಿ. ಬೆಂಕಿ ದಾಟಿ ಹೋಗಿ ತಿರುಗಿಸುವಂತಿದ್ದರೆ ಅದು ಇದ್ದರೂ ಇಲ್ಲದಂತೆ.

ಗ್ಯಾಸ್ ಸಿಲಿಂಡರ್ ದಾಸ್ತಾನು ಒಟ್ಟು 100 ಕೆಜಿ ಮೀರಿದರೆ ಪೆಸೊ (ಕೇಂದ್ರದ ಪೆಟ್ರೋಲಿಯಂ, ಸ್ಫೋಟಕ ಸುರಕ್ಷತಾ ಸಂಸ್ಥೆ) ಪರವಾನಗಿ ಬೇಕು. 19 ಕೆಜಿಯವು ಐದಾದರೆ 95. ಹಬ್ಬದ ಸೀಸನ್ನಿಗೆ ‘ಇನ್ನೊಂದು ಇರಲಿ’ ಅಂತ ಆರನೆಯದು ತಂದಿಟ್ಟರೆ ಲೆಕ್ಕ ದಾಟಿತು. ಇನ್ನೊಂದು ಸಂಗತಿ ಬಹಳ ಜನ ಗಮನಿಸುವುದಿಲ್ಲ. ಸಿಲಿಂಡರ್‌ನ ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡುತ್ತದೆ. ಅದರ ಡಿಟೆಕ್ಟರ್ ಪಾದದ ಮಟ್ಟಕ್ಕೆ ಇರಬೇಕು. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಮೇಲೇರುತ್ತದೆ. ಅದಕ್ಕೆ ಡಿಟೆಕ್ಟರ್ ಸೂರಿನ ಹತ್ತಿರ. ಸಿಲಿಂಡರ್ ಬಿಟ್ಟು ಪೈಪಿಗೆ ಬದಲಾಗುವಾಗ ಒಲೆಯ ಜೆಟ್ ಬದಲಿಸುತ್ತಾರೆ, ಡಿಟೆಕ್ಟರ್ ಮಾತ್ರ ಹಳೇ ಜಾಗದಲ್ಲೇ ಉಳಿಯುತ್ತದೆ.

ರೂಫ್‌ಟಾಪ್ ಕೆಫೆಗಳ ಮಾತೇ ಬೇರೆ. 2017ರ ಡಿಸೆಂಬರ್ 29ರಂದು ಮುಂಬೈನ ಕಮಲಾ ಮಿಲ್ಸ್‌ನಲ್ಲಿ ಟೆರೇಸಿನ ಪಬ್‌ಗಳಿಗೆ ಬೆಂಕಿ ಬಿದ್ದು 14 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಸಿಕ್ಕಿದ್ದು ಶೌಚಾಲಯದಲ್ಲಿ, ಉಸಿರುಗಟ್ಟಿ. ದಾರಿ ಗೊತ್ತಾಗದೆ ಕಂಡ ಬಾಗಿಲಿಗೆ ನುಗ್ಗಿದ್ದರು. ನಮ್ಮ ಕೋರಮಂಗಲದಲ್ಲಿ 2023ರ ಅಕ್ಟೋಬರ್ 18ರಂದು ಮೇಲಂತಸ್ತಿನ ಕೆಫೆ ಹೊತ್ತಿ ಉರಿದಾಗ ಒಬ್ಬರು ಅಲ್ಲಿಂದ ಜಿಗಿದೇಬಿಟ್ಟರು. ಬಿದಿರು, ಹುಲ್ಲಿನ ಚಾವಣಿ, ಪ್ಲಾಸ್ಟಿಕ್ ಬಳ್ಳಿ, ಫೋಮ್ ಸೋಫಾ, ಇನ್‌ಸ್ಟಾಗ್ರಾಮಿಗೆ ಚೆಂದ ಕಾಣುವುದೆಲ್ಲ ಬೇಗ ಹೊತ್ತುವಂಥದ್ದೇ. ಮೇಲೆ ಅಡುಗೆಮನೆಯನ್ನೇ ಇಡಬೇಡಿ ಅನ್ನುತ್ತೇನೆ ನಾನು. ಮಾಲೀಕರಿಗೆ ಇದು ಇಷ್ಟವಾಗುವುದಿಲ್ಲ, ಗೊತ್ತು.

ಎರಡನೇ ಮೆಟ್ಟಿಲು ಇದೆ ಅಂತಾರೆ, ಹೋಗಿ ನೋಡಿದರೆ ಅಲ್ಲಿ ಖಾಲಿ ಕ್ರೇಟು, ಮುರಿದ ಕುರ್ಚಿ, ಸ್ಟಾಫ್ ಬ್ಯಾಗು. ಕೆಳಗಿನ ಬಾಗಿಲಿಗೆ ಬೀಗ, ‘ಬಿಲ್ ಕೊಡದೆ ಹೋಗ್ತಾರೆ ಸಾರ್.’ ಒಳಗಿಂದ ತಳ್ಳಿದರೆ ತೆರೆಯುವ ಪ್ಯಾನಿಕ್ ಬಾರ್ ಹಾಕಿಸಿ, ಅದಕ್ಕೊಂದು ಅಲಾರಂ ಜೋಡಿಸಿ. ಬಿಲ್ ತಪ್ಪಿಸುವವನೂ ಸಿಕ್ಕಿಬೀಳುತ್ತಾನೆ.