ಪಣಂಬೂರಿನ ಖಾಲಿ ಚಿಪ್ಪು ಯಾರದ್ದು?

"ಎಂಥದು ಮಾರಾಯ್ರೆ ಇದು?" ಅಂತ ಒಂದು ಫೋಟೊ ಬಂತು. ಕಳಿಸಿದವರು ಪಕ್ಕದ ಮನೆಯವರು. ಮಂಗಳೂರಿನ ಪಣಂಬೂರು ಬೀಚಿನಲ್ಲಿ ಅಲೆ ಬಂದು ನಿಲ್ಲುವ ಗೆರೆಯಲ್ಲಿ ಸಿಕ್ಕಿದ್ದಂತೆ. ಹೆಬ್ಬೆರಳಿನ ತುದಿಯಷ್ಟು ದೊಡ್ಡದು, ಮೊಟ್ಟೆಯಾಕಾರ, ಬೂದು ಬಣ್ಣ. ಒಳಗೆ ಏನೂ ಇಲ್ಲ, ಊದಿದರೆ ಹಾರುತ್ತದೆ. ಕೊಂಬು ಇಲ್ಲ, ಏಡಿಯ ಕೊಕ್ಕೆಯೂ ಇಲ್ಲ.

ನನಗೆ ತಲುಪುವ ಮೊದಲೇ ಅದು ಅವರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಸುತ್ತಿ ಬಂದಿತ್ತು. ಒಬ್ಬರು ಜೀರುಂಡೆ ಅಂದರು. ಇನ್ನೊಬ್ಬರು ಆಮೆಮರಿ ಅಂದರು. ಫೋನಿನ ಆ್ಯಪ್ ಕೇಳಿದವರಿಗೆ "ಹಾರ್ಸ್‌ಶೂ ಕ್ರ್ಯಾಬ್" (ಕುದುರೆ ಲಾಳದ ಆಕಾರದ ಕವಚವಿರುವ ಕಡಲಪ್ರಾಣಿ) ಅಂತ ಉತ್ತರ ಸಿಕ್ಕಿತು. ಕೊನೆಗೆ ಒಬ್ಬರು, ಕಡಲಿಗೆ ವಿಷ ಬಿದ್ದಿದೆ, ಒಂದು ವಾರ ಮೀನು ತಿನ್ನಬೇಡಿ ಅಂತ ತೀರ್ಪು ಕೊಟ್ಟರು. ನನಗೆ ಸಿಟ್ಟು ಬರುವುದು ಈ ಕೊನೆಯ ಜಾತಿಯ ಉತ್ತರಕ್ಕೆ. ಚಿಪ್ಪು ಕಂಡ ಕೂಡಲೇ ಸಾವು ಅಂತ ಯಾಕೆ ಅಂದುಕೊಳ್ಳಬೇಕು?

ಮರುವಾಯಿಯ, ಅಂದರೆ ಕಪ್ಪೆಚಿಪ್ಪಿನ ಪ್ರಾಣಿಯ, ಚಿಪ್ಪು ಸಿಕ್ಕಿದರೆ ಹಾಗೆ ಅಂದುಕೊಳ್ಳಬಹುದು. ಮರುವಾಯಿ, ಶಂಖ, ಬಸವನಹುಳು ಯಾವುದೂ ಚಿಪ್ಪು ಕಳಚುವುದಿಲ್ಲ. ಹುಟ್ಟಿನಿಂದ ಅದೇ ಚಿಪ್ಪಿನ ಅಂಚಿಗೆ ಸುಣ್ಣ ಸೇರಿಸುತ್ತಾ ದೊಡ್ಡದು ಮಾಡಿಕೊಳ್ಳುತ್ತವೆ. ಖಾಲಿ ಶಂಖ ಅಂದರೆ ಸತ್ತ ಶಂಖ. ಏಡಿ, ಸಿಗಡಿಗಳ ಕಥೆ ಬೇರೆ. ಅವುಗಳ ಕವಚ ಒಮ್ಮೆ ಗಟ್ಟಿಯಾದರೆ ಮತ್ತೆ ಹಿಗ್ಗುವುದಿಲ್ಲ. ಬೆಳೆಯಬೇಕಾದರೆ ಹಳೆಯದನ್ನು ಬಿಟ್ಟು ಹೊರಗೆ ಬರಲೇಬೇಕು. ಖಾಲಿ ಏಡಿ ಸಿಕ್ಕಿದರೆ, ಅದರ ಒಡೆಯ ಮೊದಲಿಗಿಂತ ದೊಡ್ಡದಾಗಿ ಅಲ್ಲೇ ಹತ್ತಿರದ ನೀರಿನಲ್ಲಿ ಇರಬಹುದು.

ಇಂಥ ಚಿಪ್ಪು ಕೈಗೆ ಬಂದಾಗ ಬಣ್ಣ ನೋಡಿ ಪ್ರಯೋಜನ ಇಲ್ಲ, ಬಿಸಿಲಿಗೆ ಅದು ಹೋಗಿಬಿಡುತ್ತದೆ. ಬಿರುಕು ಎಲ್ಲಿದೆ ಅಂತ ನೋಡಬೇಕು. ಕೆರೆಯ ಕಲ್ಲಿಗೆ, ಬಾವಿಯ ಗೋಡೆಗೆ ಅಂಟಿದ ಕಂದು ಚಿಪ್ಪು ಬೆನ್ನ ಮೇಲೆ ಉದ್ದಕ್ಕೆ ಸೀಳಿದ್ದರೆ, ನೀರಿನಲ್ಲಿ ಬೆಳೆದ ಏರೋಪ್ಲೇನ್ ಚಿಟ್ಟೆಯ ಮರಿ ರೆಕ್ಕೆ ಬಂದು ಹಾರಿಹೋಗಿದೆ ಅಂತ ಅರ್ಥ. ಹಾರ್ಸ್‌ಶೂ ಕ್ರ್ಯಾಬ್ ಮುಂದಿನ ಅಂಚನ್ನು ಸೀಳಿಕೊಂಡು ಮುಂದಕ್ಕೇ ಹೊರಡುತ್ತದೆ. ಅದು ನಮ್ಮ ದೇಶದಲ್ಲಿ ಕಾಣಸಿಗುವುದು ಒಡಿಶಾ, ಬಂಗಾಳದ ಕರಾವಳಿಯಲ್ಲಿ. ಆ್ಯಪ್‌ಗೆ ಪಣಂಬೂರು ಯಾವ ಕಡಲಿನ ಬದಿಯಲ್ಲಿದೆ ಅಂತ ಗೊತ್ತಿರಲಿಲ್ಲ ಅಂತ ಕಾಣುತ್ತದೆ! ಏಡಿ ಮಾತ್ರ ಹಿಂದಕ್ಕೆ ಜಾರುತ್ತದೆ. ಬೆನ್ನಿನ ಕವಚದ ಹಿಂದಿನ ಅಂಚು ಮೇಲಕ್ಕೆದ್ದು, ಅಲ್ಲಿಂದ ಇಡೀ ಮೈ ಹೊರಬರುತ್ತದೆ.

ಸತ್ತ ಏಡಿಯೋ, ಕಳಚಿದ ಪೊರೆಯೋ ಅಂತ ಸಂಶಯ ಇದ್ದರೆ ಮೂಸಿ ನೋಡಿ. ಸತ್ತದ್ದು ನಾರುತ್ತದೆ, ಪೊರೆ ಅಷ್ಟು ನಾರುವುದಿಲ್ಲ. ಕವಚ ಎತ್ತಿದರೆ ಒಳಗೆ ಕಿವಿರುಗಳ ಬಿಳಿ ಎಳೆಗಳು ಕಾಣುತ್ತವೆ, ಮಾಂಸ ಇರುವುದಿಲ್ಲ. ಕಣ್ಣಿನ ಜಾಗದಲ್ಲಿ ಗಾಜಿನಂಥ ಪಾರದರ್ಶಕ ಟೊಪ್ಪಿ ಇರುತ್ತದೆ. ನಮ್ಮಲ್ಲಿ ನಾಗಬನದ ಹತ್ತಿರ ಹಾವಿನ ಪೊರೆ ಸಿಕ್ಕಿದರೆ ಕೈ ಮುಗಿಯುತ್ತೇವೆ. ಏಡಿಯ ಪೊರೆಯನ್ನು ಕಾಲಲ್ಲಿ ತುಳಿದು ಹೋಗುತ್ತೇವೆ. ನಿಜಕ್ಕೂ ಏಡಿ ಮಾಡುವ ಕೆಲಸ ಜಾಸ್ತಿ ಕಷ್ಟದ್ದು. ಹಾವು ಬಿಡುವುದು ಮೇಲಿನ ತೆಳು ಪದರ. ಏಡಿ ಬಿಡುವುದು ಇಡೀ ಕವಚವನ್ನು: ಕಿವಿರಿನ ಹೊದಿಕೆ, ಮೈಮೇಲಿನ ಪ್ರತಿಯೊಂದು ಕೂದಲು, ಹೊಟ್ಟೆಯ ಒಳಗಿನ ಪದರ, ಆ ಹೊಟ್ಟೆಯೊಳಗೆ ಆಹಾರ ಅರೆಯುವ ಹಲ್ಲು, ಎಲ್ಲ ಸೇರಿ.

ಇಷ್ಟೆಲ್ಲ ಹೇಗೆ ಸಾಧ್ಯ? ನನಗೆ ತುಂಬಾ ಇಷ್ಟವಾದ ಭಾಗ ಇದು, ಸ್ವಲ್ಪ ತಾಳ್ಮೆಯಿಂದ ಓದಿ.

ಏಡಿಯ ಕವಚ ಕೈಟಿನ್ ಅನ್ನುವ ನಾರಿನಂಥ ವಸ್ತುವಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿ ಗಟ್ಟಿಯಾದದ್ದು. ಕಳಚುವ ಮೊದಲು ಚರ್ಮ ಕವಚದಿಂದ ಬಿಡಿಸಿಕೊಳ್ಳುತ್ತದೆ. ನಡುವೆ ಒಂದು ದ್ರವ ಸೇರುತ್ತದೆ. ಅದರಲ್ಲಿರುವ ಕಿಣ್ವಗಳು ಹಳೆ ಕವಚವನ್ನು ಒಳಗಿನಿಂದ ಕರಗಿಸುತ್ತವೆ. ಸ್ವಲ್ಪ ಸುಣ್ಣ ರಕ್ತಕ್ಕೆ ವಾಪಸ್ ಹೋಗುತ್ತದೆ. ಅದೇ ಹೊತ್ತಿಗೆ ಚರ್ಮದ ಮೇಲೆ ಹೊಸ ಕವಚ ಮೆತ್ತಗೆ, ಸುಕ್ಕುಸುಕ್ಕಾಗಿ ತಯಾರಾಗುತ್ತಿರುತ್ತದೆ. ಆಮೇಲೆ ಏಡಿ ನೀರು ಹೀರಿ ಉಬ್ಬುತ್ತದೆ. ತೆಳುವಾದ ಗೆರೆಯಲ್ಲಿ ಹಳೆಯದು ಬಾಯಿ ಬಿಡುತ್ತದೆ.

ಮೈ ಹೊರಬಂತು ಸರಿ, ಆ ದಪ್ಪ ಕೊಕ್ಕೆಗಳು? ಕೊಕ್ಕೆಯೊಳಗೆ ಗಟ್ಟಿ ಮಾಂಸ ತುಂಬಿದೆ. ಅದು ಹೊರಬರಬೇಕಾದ ದಾರಿ ಕಾಲಿನ ಬುಡದ ಸಣ್ಣ ಗಂಟುಗಳು. ಬಿಗಿ ಬಳೆ ತೆಗೆಯುವಾಗ ನಾವು ಅಂಗೈ ಮಡಚಿ, ಸೋಪು ಹಚ್ಚಿ ಜಾರಿಸುತ್ತೇವೆ, ಅಲ್ವಾ? ಏಡಿ ಅದಕ್ಕಿಂತ ಮುಂದೆ ಹೋಗಿ ಕೈಯನ್ನೇ ಸಣ್ಣ ಮಾಡಿಕೊಳ್ಳುತ್ತದೆ. ಕಳಚುವ ದಿನ ಹತ್ತಿರ ಬಂದಂತೆ ಕೊಕ್ಕೆಯ ಸ್ನಾಯುವಿನ ಪ್ರೋಟೀನು ಒಡೆದು, ಮಾಂಸ ಸೊರಗುತ್ತದೆ. ಕಳಚಿದ ಮೇಲೆ ಅದೇ ಸ್ನಾಯು ಮತ್ತೆ ತುಂಬಿಕೊಳ್ಳುತ್ತದೆ. ಹಿಂದೆ ಕಳೆದುಕೊಂಡ ಕಾಲು ಇದ್ದರೆ, ಮೊಗ್ಗಾಗಿ ಮಡಚಿಕೊಂಡಿದ್ದ ಹೊಸ ಕಾಲು ಆಗಲೇ ಬಿಚ್ಚಿಕೊಳ್ಳುತ್ತದೆ.

ಕವಚವೇ ಮೆತ್ತಗಿರುವಾಗ ಏಡಿ ಯಾವುದರ ಆಧಾರದಲ್ಲಿ ನಡೆಯುತ್ತದೆ? 2003ರಲ್ಲಿ ಜೆನಿಫರ್ ಟೇಲರ್ ಮತ್ತು ವಿಲಿಯಂ ಕಿಯರ್ ಅಮೆರಿಕದ ನೀಲಿ ಏಡಿಗಳಲ್ಲಿ ಇದನ್ನು ಅಳೆದು ನೋಡಿದರು. ಆಗಷ್ಟೇ ಪೊರೆ ಬಿಟ್ಟ ಏಡಿ ಒಳಗಿನ ದ್ರವದ ಒತ್ತಡದ ಮೇಲೆ ಮೈಯನ್ನು ನಿಲ್ಲಿಸುತ್ತದೆ. ಕವಚ ಗಟ್ಟಿಯಾದ ಮೇಲೆ ಆ ವ್ಯವಸ್ಥೆ ಬಿಟ್ಟುಬಿಡುತ್ತದೆ.

ಇದಕ್ಕೆಲ್ಲ ಮುಹೂರ್ತ ಇಡುವುದು ಕಣ್ಣಿನ ಕಾಂಡ, ಅಂದರೆ ಏಡಿಯ ಕಣ್ಣು ಕೂತಿರುವ ಸಣ್ಣ ಕಡ್ಡಿ. "ಈಗ ಬೇಡ" ಅಂತ ತಡೆಯುವ ಹಾರ್ಮೋನು ಅಲ್ಲಿಂದ ಬರುತ್ತದೆ. ಅದು ಕಡಿಮೆಯಾದಾಗ ಪೊರೆ ಬಿಡಿಸುವ ಹಾರ್ಮೋನು ಏರುತ್ತದೆ. ಪೊರೆ ಬಿಡುವುದನ್ನು ಕೂತು ನೋಡಿದ ಹಳಬರಲ್ಲಿ ಫ್ರಾನ್ಸಿನ ರಿಯೊಮ್ಯೂರ್ ದೊಡ್ಡ ಹೆಸರು. 1712ರಲ್ಲಿ ಸಿಹಿನೀರಿನಲ್ಲಿ ಬದುಕುವ ಸಿಗಡಿಯ ನೆಂಟ ಕ್ರೇಫಿಶ್‌ನ ಮುರಿದ ಕಾಲು ಮತ್ತೆ ಬೆಳೆಯುವುದರ ಬಗ್ಗೆ, 1718ರಲ್ಲಿ ಅದು ಕವಚ ಬಿಡುವುದರ ಬಗ್ಗೆ ಬರೆದರು. ಆಗ ಯುರೋಪಿನ ಔಷಧ ಅಂಗಡಿಗಳಲ್ಲಿ "ಏಡಿಯ ಕಣ್ಣು" ಅಂತ ಸಣ್ಣ ಬಿಳಿ ಕಲ್ಲುಗಳನ್ನು ಮಾರುತ್ತಿದ್ದರು. ಕಣ್ಣೂ ಅಲ್ಲ, ಏಡಿಯದ್ದೂ ಅಲ್ಲ. ಪೊರೆ ಬಿಡುವ ಮೊದಲು ಕ್ರೇಫಿಶ್ ತನ್ನ ಹೊಟ್ಟೆಯಲ್ಲಿ ಕೂಡಿಟ್ಟ ಸುಣ್ಣದ ಗಡ್ಡೆ ಅದು. ತಮಾಷೆ ಏನಂದರೆ, ಹೊಟ್ಟೆ ಉರಿಗೆ ಅದು ಕೆಲಸ ಮಾಡಿರಲೂಬಹುದು. ಇವತ್ತಿನ ಆ್ಯಂಟಾಸಿಡ್ ಮಾತ್ರೆಗಳಲ್ಲಿ ಹಲವದರಲ್ಲಿ ಇರುವುದು ಅದೇ ಕ್ಯಾಲ್ಸಿಯಂ ಕಾರ್ಬೊನೇಟ್.

ಸರಿ, ಫೋಟೊಗೆ ಬರೋಣ. ಬಿರುಕು ಹಿಂದೆ, ಹಾಗಾಗಿ ಏಡಿ-ಸಿಗಡಿಗಳ ಬಳಗ. ಬೆನ್ನ ಮೇಲೆ ಅಡ್ಡಡ್ಡ ಸಣ್ಣ ಅಲೆಗೆರೆಗಳು. ತಿರುಗಿಸಿ ಇನ್ನೊಂದು ಫೋಟೊ ಕಳಿಸಲು ಹೇಳಿದೆ. ಕೆಳಗೆ ಉದ್ದ ತ್ರಿಕೋನದ ಬಾಲದ ತುಂಡು ಮುಂದಕ್ಕೆ ಮಡಚಿತ್ತು. ಕಾಲುಗಳು ಅಗಲ, ಚಪ್ಪಟೆ, ಒಂದರಲ್ಲೂ ಚಿಮಟ ಇಲ್ಲ. ಮುಂದೆ ಗರಿಯಂಥ ಉದ್ದ ಮೀಸೆ. ಅಲ್ಲಿಗೆ ಮುಗಿಯಿತು: ಎಮೆರಿಟಾ, ಇಂಗ್ಲಿಷಿನವರ ಮೋಲ್ ಕ್ರ್ಯಾಬ್. ಅದರ ಹತ್ತಿರದ ನೆಂಟ ಹಿಪ್ಪಾಕ್ಕೆ ಅಷ್ಟುದ್ದದ ಗರಿಮೀಸೆ ಇರುವುದಿಲ್ಲ. ನಮ್ಮ ಪಶ್ಚಿಮ ಕರಾವಳಿಯ ಜಾತಿ ಎಮೆರಿಟಾ ಹೋಲ್ತುಯಿಸಿ, 1965ರಲ್ಲಿ ಹೆಸರು ಪಡೆದದ್ದು.

ಅಲೆ ಒಡೆಯುವ ಮರಳಿನಲ್ಲಿ ಇದು ಹಿಂಬದಿಯಿಂದ ಹೂತುಕೊಳ್ಳುತ್ತದೆ. ಅಲೆ ಹಿಂದೆ ಸರಿಯುವಾಗ ಮೀಸೆ ಬಿಚ್ಚಿ ನೀರಿನಲ್ಲಿ ಬರುವ ಸಣ್ಣ ಆಹಾರ ಸೋಸಿಕೊಳ್ಳುತ್ತದೆ. ಇದರ ಬದುಕಿನಲ್ಲಿ ಗಾತ್ರಕ್ಕೆ ಬೇರೆಯೇ ಬೆಲೆ ಇದೆ. ಮದ್ರಾಸ್ ತೀರದ ಎಮೆರಿಟಾ ಏಷ್ಯಾಟಿಕಾದಲ್ಲಿ ಗಂಡು ಬೆಳೆಯುತ್ತಾ ಹೆಣ್ಣಾಗುತ್ತದೆ ಅಂತ ಟಿ. ಸುಬ್ರಹ್ಮಣ್ಯಂ 1981ರಲ್ಲಿ ತೋರಿಸಿದರು. ಗಂಡಾಗಿ ಬಿಟ್ಟ ಪೊರೆ, ಹೆಣ್ಣಾಗಿ ಕಳಚಿದ ಪೊರೆ, ಎರಡೂ ಒಂದೇ ಪ್ರಾಣಿಯದ್ದಾಗಿರಬಹುದು.

ಮಂಗಳೂರಿನ ಮೀನು ಮಾರುಕಟ್ಟೆಯಲ್ಲಿ ಬೆನ್ನ ಮೇಲೆ ಶಿಲುಬೆ ಇರುವ ಏಡಿ ನೋಡಿರುತ್ತೀರಿ. ಸಂತ ಫ್ರಾನ್ಸಿಸ್ ಜೇವಿಯರ್ ಕಡಲಲ್ಲಿ ಕಳೆದುಕೊಂಡ ಶಿಲುಬೆಯನ್ನು ಏಡಿಯೊಂದು ದಡಕ್ಕೆ ತಂದುಕೊಟ್ಟಿತು, ಅದರ ಗುರುತು ಉಳಿಯಿತು ಅನ್ನುವ ಕಥೆ ಇದೆ. ಕಥೆ ಕಥೆಯಾಗಿ ಚೆನ್ನಾಗಿದೆ. ನನಗೆ ಅದಕ್ಕಿಂತ ಚಂದ ಕಾಣುವುದು, ಆ ಏಡಿ ಪ್ರತಿ ಸಲ ಶಿಲುಬೆ ಇರುವ ಕವಚವನ್ನೇ ಬಿಟ್ಟು ಬಂದರೂ ಹೊಸದರ ಮೇಲೆ ಅದೇ ಶಿಲುಬೆ ಮತ್ತೆ ಮೂಡುವುದು. ಬಣ್ಣ ಯಾವ ಜಾಗದಲ್ಲಿ ಹಾಕಬೇಕು ಅನ್ನುವುದು ಕವಚ ಕಟ್ಟುವ ಚರ್ಮಕ್ಕೆ ಗೊತ್ತಿದೆ.

ಇನ್ನು ಹುಣ್ಣಿಮೆಯ ಏಡಿಯಲ್ಲಿ ಮಾಂಸ ಇಲ್ಲ, ಅಮಾವಾಸ್ಯೆಯದ್ದೇ ಆಗಬೇಕು ಅನ್ನುವವರಿಗೆ ಒಂದು ಮಾತು. ಒಂದೇ ಬುಟ್ಟಿಯಲ್ಲಿ ಒಂದು ಏಡಿ ತುಂಬಿರುತ್ತದೆ, ಪಕ್ಕದ್ದು ಬರೀ ನೀರು. ಎರಡಕ್ಕೂ ಮೇಲಿರುವ ಚಂದ್ರ ಒಬ್ಬನೇ. ನೀರಾಗಿರುವುದು ಇತ್ತೀಚೆಗೆ ಪೊರೆ ಬಿಟ್ಟು, ದೊಡ್ಡ ಕವಚದೊಳಗೆ ಇನ್ನೂ ಮಾಂಸ ತುಂಬಿಸಿಕೊಳ್ಳದ ಏಡಿ. ಕೊಳ್ಳುವಾಗ ಹೊಟ್ಟೆಯ ಕೆಳಗೆ, ಕಾಲಿನ ಬುಡದ ಹತ್ತಿರ ಹೆಬ್ಬೆರಳಿನಿಂದ ಒತ್ತಿ. ಬಗ್ಗಿದರೆ ಸುಮ್ನೆ ವಾಪಸ್ ಇಟ್ಟು ಪಕ್ಕದ್ದನ್ನು ಎತ್ತಿಕೊಳ್ಳಿ.