ಮದುವೆ ಆಗಿದೆ, ಮಗು ಈಗ್ಲೇ ಬೇಡ: ನಿಮ್ಮಿಬ್ರಿಗೆ ಯಾವ್ದು ಸರಿಹೋಗತ್ತೆ?

"ಮೇಡಂ, ಒಂದೆರಡು ವರ್ಷ ಬೇಡ ಅಂತಿದೀವಿ, ಯಾವ್ದು ಒಳ್ಳೇದು ಹೇಳಿ" ಅಂತ ಬರೋ ಹೊಸ ಜೋಡಿಗಳಿಗೆ ನಾನು ತಕ್ಷಣ ಗರ್ಭನಿರೋಧಕ ಮಾತ್ರೆ ಹೆಸ್ರು ಬರೆದು ಕೊಡಲ್ಲ. ಮೊದ್ಲು ಒಂದಿಷ್ಟು ಪ್ರಶ್ನೆ ಕೇಳ್ತೀನಿ. ಮಗು ಯಾವಾಗ ಬೇಕು ಅಂತಿದೀರಾ, ಆರು ತಿಂಗಳಿಗಾ, ಮೂರು ವರ್ಷಕ್ಕಾ? ಇಬ್ರೇ ಇರ್ತೀರಾ ಅಥವಾ ಅತ್ತೆ ಮಾವನ ಜೊತೆನಾ? ಕೆಲಸ ಶಿಫ್ಟಲ್ಲಾ? ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗತ್ತಾ, ಹೊಟ್ಟೆನೋವು ಎಷ್ಟು, ಬ್ಲೀಡಿಂಗ್ ಜಾಸ್ತಿನಾ? ತಲೆನೋವು, ಬಿಪಿ, ಫಿಟ್ಸ್, ಟಿಬಿ ಮಾತ್ರೆ ಏನಾದ್ರೂ ಇದ್ಯಾ? ಇಷ್ಟು ಗೊತ್ತಾದ್ಮೇಲೆ ಆಯ್ಕೆ ಅರ್ಧ ಮುಗಿದ ಹಾಗೇನೇ, ಯಾಕಂದ್ರೆ ಎಲ್ರಿಗೂ ಒಳ್ಳೇದು ಅನ್ನೋ ವಿಧಾನ ಯಾವ್ದೂ ಇಲ್ಲ, ನಿಮ್ಮ ಮನೆಲಿ ನಿಮ್ಮ ದಿನಚರಿಲಿ ನಡೆಯೋದು ಯಾವ್ದು ಅನ್ನೋದೇ ಮುಖ್ಯ.

ಹೀಗೆ ಕೇಳಿದಾಗ ಎಷ್ಟೋ ಜನ ಗೊಂದಲ ಮಾಡ್ಕೋತಾರೆ, ಅದ್ರಲ್ಲಿ ಅವ್ರ ತಪ್ಪೇನಿಲ್ಲ. ಮನೇಲಿ ಕೇಳೋಣ ಅಂದ್ರೆ ಅನುಭವ ಇರೋರೇ ಇಲ್ಲ. ಅಮ್ಮ, ಅತ್ತೆ, ಅಕ್ಕ ಎಲ್ರೂ ಎರಡು ಮಕ್ಕಳಾದ್ಮೇಲೆ ಆಪರೇಷನ್ ಮಾಡಿಸ್ಕೊಂಡವ್ರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಣ್ಮಕ್ಕಳಲ್ಲಿ ಶೇ. 57ರಷ್ಟು ಜನ ಆಪರೇಷನ್ ಮಾಡಿಸ್ಕೊಂಡಿದಾರೆ, ಗಂಡಸರ ಆಪರೇಷನ್ ಲೆಕ್ಕಕ್ಕೇ ಸಿಗದಷ್ಟು ಕಮ್ಮಿ. ಮಧ್ಯದಲ್ಲಿ ಗ್ಯಾಪ್ ಇಟ್ಕೊಳ್ಳೋಕೆ ಏನಾದ್ರೂ ಬಳಸಿದವ್ರು ಮನೇಲಿ ಸಿಗೋದೇ ಅಪರೂಪ, ಹಾಗಾಗಿ ಅಲ್ಲಿ ಸಿಗೋದು ಸಲಹೆ ಅಲ್ಲ, ಬರೀ ಭಯ. ಜಗತ್ತಲ್ಲೇ ಮೊದಲ ಸಲ ಸರ್ಕಾರವೇ ಗರ್ಭನಿರೋಧಕ ಕ್ಲಿನಿಕ್ ಶುರು ಮಾಡಿದ್ದು 1930ರಲ್ಲಿ, ನಮ್ಮ ಮೈಸೂರು ಸಂಸ್ಥಾನ. ಅಂಥ ನಾಡಲ್ಲಿ ಇವತ್ತಿಗೂ ಹುಡುಗೀರು ಮೆಡಿಕಲ್ ಸ್ಟೋರ್ ಮುಂದೆ ಜನ ಖಾಲಿ ಆಗೋವರೆಗೂ ನಿಂತಿರ್ತಾರೆ ಅಂದ್ರೆ ನಂಗೆ ತುಂಬಾ ಬೇಜಾರಾಗತ್ತೆ.

ಕಾಂಡೋಮ್‌ನಿಂದ ಶುರು ಮಾಡೋಣ, ಹೊಸ ಜೋಡಿಗಳು ಹೆಚ್ಚಾಗಿ ಬಳಸೋದು ಅದನ್ನೇ. ಗರ್ಭ ಮತ್ತು ಎಚ್ಐವಿಯಂಥ ಲೈಂಗಿಕ ಸೋಂಕು ಎರಡನ್ನೂ ತಡೆಯೋದು ಅದೊಂದೇ, ಡಾಕ್ಟರ್ ಚೀಟಿ ಬೇಡ, ಸರ್ಕಾರಿ ಆಸ್ಪತ್ರೆಲಿ ನಿರೋಧ್ ಫ್ರೀಯಾಗಿ ಸಿಗತ್ತೆ. ಆದ್ರೆ ಜನ ನಿಜವಾಗಿ ಬಳಸೋ ರೀತಿಲಿ ನೋಡಿದ್ರೆ ವರ್ಷಕ್ಕೆ ನೂರು ಜೋಡಿಲಿ ಸುಮಾರು 13 ಜೋಡಿಗೆ ಗರ್ಭ ನಿಲ್ಲತ್ತೆ. ಕಾರಣ ಹೆಚ್ಚಿನ ಸಲ ರಬ್ಬರ್ ಅಲ್ಲ. ಅರ್ಧದಲ್ಲಿ ಹಾಕ್ಕೊಳ್ಳೋದು, ಒಂದೊಂದು ದಿನ ಬಿಟ್ಬಿಡೋದು, ಪರ್ಸಲ್ಲಿ ತಿಂಗಳುಗಟ್ಲೆ ಇಟ್ಟಿದ್ದನ್ನ ಬಳಸೋದು, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಕಡೆ ಕೊಬ್ಬರಿ ಎಣ್ಣೆ ಹಚ್ಚೋದು. ಕೊಬ್ಬರಿ ಎಣ್ಣೆ, ವ್ಯಾಸಲಿನ್ ಯಾವ್ದೇ ಎಣ್ಣೆ ಪದಾರ್ಥ ತಾಗಿದ್ರೆ ಲೇಟೆಕ್ಸ್ ಕೆಲವೇ ನಿಮಿಷದಲ್ಲಿ ಬಲ ಕಳ್ಕೊಂಡು ಹರಿಯತ್ತೆ. ಒಣಗಿದ ಹಾಗೆ ಅನಿಸಿದ್ರೆ ನೀರಿನ ಬೇಸ್ ಇರೋ ಜೆಲ್ ತಗೊಳ್ಳಿ, ಮೆಡಿಕಲ್‌ನಲ್ಲಿ ಸಿಗತ್ತೆ. ಇನ್ನು ಹೊರಗೆ ಬಿಡ್ತೀವಿ ಮೇಡಂ ಅನ್ನೋರಿಗೆ ಒಂದೇ ಮಾತು, ಅದ್ರಲ್ಲಿ ವರ್ಷಕ್ಕೆ ನೂರಲ್ಲಿ ಇಪ್ಪತ್ತು ಜೋಡಿಗೆ ಗರ್ಭ ನಿಲ್ಲತ್ತೆ. ಸೇಫ್ ಡೇಸ್ ಲೆಕ್ಕ ಕೂಡ ಮುಟ್ಟು ಗಡಿಯಾರದ ಹಾಗೆ ಬರೋರಿಗೆ ಮಾತ್ರ, ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಿರಬಹುದು, ಮುಟ್ಟು ಏರುಪೇರಾಗೋ ಪಿಸಿಒಡಿ ತೊಂದ್ರೆ ಇರೋರು ಆ ಲೆಕ್ಕ ನಂಬಲೇಬೇಡಿ.

ಮಾತ್ರೆ ವಿಷಯದಲ್ಲಿ ತಪ್ಪು ತಿಳುವಳಿಕೆ ಜಾಸ್ತಿ. ಮಾಲಾ-ಎನ್ ಶೀಟು ಕೈಗೆ ತಗೊಂಡು ನೋಡಿ, 28 ಮಾತ್ರೆ ಇರತ್ತೆ, 21 ಬಿಳಿ, 7 ಕಂದು ಬಣ್ಣದವು. ಬಿಳಿಯಲ್ಲಿ ಹಾರ್ಮೋನು, ಕಂದಿನಲ್ಲಿ ಕಬ್ಬಿಣ ಅಷ್ಟೇ. ಅದನ್ನ ಎಸೆದು ಬಿಳಿದನ್ನ ಮಾತ್ರ ತಿನ್ನೋರು ಮುಂದಿನ ಶೀಟು ಯಾವತ್ತು ಶುರು ಮಾಡ್ಬೇಕು ಅನ್ನೋದೇ ಮರೀತಾರೆ, ಅದಕ್ಕೇ ಆ ಏಳು ಮಾತ್ರೆ ಇಟ್ಟಿರೋದು. ಬಾಣದ ಗುರುತು ಹಿಡ್ಕೊಂಡು ದಿನಾ ಒಂದೇ ಹೊತ್ತಿಗೆ ತಗೊಳ್ಳಿ, ರಾತ್ರಿ ಊಟ ಆದ್ಮೇಲೆ ತಗೊಂಡ್ರೆ ವಾಕರಿಕೆ ಕಮ್ಮಿ. ಒಂದು ಮರೆತ್ರೆ ನೆನಪಾದ ತಕ್ಷಣ ನುಂಗಿ, ಆ ದಿನದ್ದು ಅದ್ರ ಹೊತ್ತಿಗೆ ತಗೊಳ್ಳಿ, ಒಂದೇ ದಿನ ಎರಡಾದ್ರೂ ಭಯ ಬೇಡ. ಸಾಲಾಗಿ ಎರಡು ಮೂರು ಮರೆತ್ರೆ ಒಂದು ನುಂಗಿ ಮುಂದುವರಿಸಿ, ಜೊತೆಗೆ ಏಳು ದಿನ ಕಾಂಡೋಮ್ ಬಳಸ್ಲೇಬೇಕು. ನುಂಗಿದ ಮೂರು ಗಂಟೆ ಒಳಗೆ ವಾಂತಿ ಆದ್ರೆ ಇನ್ನೊಂದು ತಗೊಳ್ಳಿ. ಮೊದಲ ಎರಡ್ಮೂರು ತಿಂಗಳು ಸ್ಪಾಟಿಂಗ್, ತಲೆಸುತ್ತು, ಎದೆ ಭಾರ ಆಗಬಹುದು, ಆಮೇಲೆ ಸರಿಹೋಗತ್ತೆ, ಅಷ್ಟರಲ್ಲೇ ಒಗ್ಗಲ್ಲ ಅಂತ ಬಿಟ್ಟು ಬರೋರೇ ಹೆಚ್ಚು.

"ಮೊದಲ ಮಗು ಆಗೋ ಮುಂಚೆ ಮಾತ್ರೆ ತಿಂದ್ರೆ ಆಮೇಲೆ ಮಗುನೇ ಆಗಲ್ಲವಂತೆ, ನಮ್ಮತ್ತೆ ಹೇಳ್ತಿದ್ರು" ಅಂತ ಹೇಳದೇ ಇರೋ ಹುಡುಗಿ ಕಮ್ಮಿ. ಇದು ಸುಳ್ಳು. ಮಾತ್ರೆ ನಿಲ್ಲಿಸಿದ ಮುಂದಿನ ತಿಂಗಳೇ ಗರ್ಭ ನಿಲ್ಲಬಹುದು. ಆದ್ರೆ ಎಲ್ರಿಗೂ ಮಾತ್ರೆ ಕೊಡೋಕಾಗಲ್ಲ, ಇದನ್ನ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ತಲೆನೋವು ಬರೋ ಮುಂಚೆ ಕಣ್ಮುಂದೆ ಮಿಂಚು, ಗೆರೆ ಗೆರೆ ಕಾಣಿಸೋ ಮೈಗ್ರೇನ್ ಇದ್ರೆ, ಬಿಪಿ ಹೆಚ್ಚಿದ್ರೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ರೆ, ಲಿವರ್ ತೊಂದ್ರೆ ಇದ್ರೆ, ಎದೆಹಾಲು ಕುಡಿಸ್ತಿರೋ ಮಗುಗೆ ಆರು ತಿಂಗಳು ತುಂಬದಿದ್ರೆ ಮಾಲಾ ಥರದ ಮಾತ್ರೆ ಬೇಡ. ಟಿಬಿಗೆ ಕೊಡೋ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡೋ ಕೆಲವು ಮಾತ್ರೆ ಇದ್ರ ಕೆಲಸವನ್ನೇ ಕೆಡಿಸ್ತವೆ. ಹಾಗಾಗಿ ಅಕ್ಕನ ಶೀಟಲ್ಲಿ ಉಳಿದಿತ್ತು ಅಂತ ತಗೊಂಡು ಶುರು ಮಾಡ್ಬೇಡಿ, ಒಂದ್ಸಲ ಬಿಪಿ ಆದ್ರೂ ನೋಡಿಸ್ಕೊಳ್ಳಿ.

ದಿನಾ ನೆನಪಿರಲ್ಲ, ಹಾರ್ಮೋನು ಬೇಡ ಅನ್ನೋರಿಗೆ ಛಾಯಾ ಅನ್ನೋ ಮಾತ್ರೆ ಇದೆ, ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಲಿ ಕಂಡುಹಿಡಿದಿದ್ದು, ಇದ್ರಲ್ಲಿ ಹಾರ್ಮೋನು ಇಲ್ಲ. ಮುಟ್ಟಾದ ಮೊದಲ ದಿನ ಶುರು ಮಾಡಿ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದೇ. ಎದೆಹಾಲು ಕುಡಿಸೋರಿಗೂ ಆಗತ್ತೆ, ಪಿಸಿಒಡಿ ಇರೋರಿಗೆ ಬೇಡ. ಮುಟ್ಟು ಸ್ವಲ್ಪ ಮುಂದಕ್ಕೆ ಹೋಗತ್ತೆ, ಅದಕ್ಕೆ ಗಾಬರಿ ಬೀಳ್ತಾರೆ, ಹದಿನೈದು ದಿನ ದಾಟಿದ್ರೆ ಒಂದು ಟೆಸ್ಟ್ ಮಾಡ್ಕೊಳ್ಳಿ ಸಾಕು.

ಅಂತರಾ ಇಂಜೆಕ್ಷನ್ ಮೂರು ತಿಂಗಳಿಗೊಮ್ಮೆ. ಮನೇಲಿ ಮಾತ್ರೆ ಇಟ್ಕೊಳ್ಳೋಕೆ ಜಾಗ ಇಲ್ಲ, ಬೀರು ಬಾಗ್ಲು ಎಲ್ರೂ ತೆಗೀತಾರೆ ಅನ್ನೋ ಹೆಣ್ಮಕ್ಕಳಿಗೆ ಇದು ದೊಡ್ಡ ಅನುಕೂಲ. ಆದ್ರೆ ಮುಂದಿನ ವರ್ಷವೇ ಮಗು ಬೇಕು ಅಂತಿರೋರಿಗೆ ನಾನು ಇದನ್ನ ಕೊಡಲ್ಲ, ಕೊನೇ ಇಂಜೆಕ್ಷನ್ ಆದ್ಮೇಲೆ ಗರ್ಭ ನಿಲ್ಲೋಕೆ ಸಾಮಾನ್ಯವಾಗಿ ಏಳರಿಂದ ಹತ್ತು ತಿಂಗಳು ಹಿಡಿಯತ್ತೆ. ಮುಟ್ಟು ಮೊದ್ಲು ಏರುಪೇರಾಗಿ ಆಮೇಲೆ ನಿಂತೇ ಹೋಗಬಹುದು. ಕೆಟ್ಟ ರಕ್ತ ಒಳಗೇ ಸೇರ್ಕೊಳ್ಳತ್ತೆ ಅಂತ ಹೇಳೋರ ಮಾತು ಕೇಳಿ ಅರ್ಧಕ್ಕೆ ಬಿಡಬೇಡಿ, ಗರ್ಭಕೋಶದ ಒಳಪದರ ದಪ್ಪ ಆಗೋದೇ ಇಲ್ಲ, ಹೊರಗೆ ಬರೋಕೆ ಅಲ್ಲಿ ಏನೂ ಇರಲ್ಲ.

ಈಗ ಎಲ್ರೂ ಹೆದರೋ ಕಾಪರ್-ಟಿ, ಹಳ್ಳಿ ಕಡೆ ವಂಕಿ ಅಂತಾರಲ್ಲ ಅದು. ನನ್ನ ಟೇಬಲ್ ಮೇಲೆ ಒಂದು ಸ್ಯಾಂಪಲ್ ಇಟ್ಕೊಂಡಿದೀನಿ, ಯಾರಾದ್ರೂ ಹೆದ್ರಿಕೊಂಡ್ರೆ ಕೈಗೇ ಕೊಟ್ಬಿಡ್ತೀನಿ. ಮೂರುವರೆ ಸೆಂಟಿಮೀಟರ್ ಉದ್ದದ ಮೆತ್ತನೆ ಪ್ಲಾಸ್ಟಿಕ್, ಕಾಂಡಕ್ಕೆ ಕೂದಲಿನಷ್ಟು ತೆಳು ತಾಮ್ರದ ತಂತಿ ಸುತ್ತಿರತ್ತೆ, ಕೆಳಗೆ ಎರಡು ದಾರ. ಬೆರಳಲ್ಲಿ ಒತ್ತಿದ್ರೆ ತೋಳು ಬಾಗತ್ತೆ, ಬಿಟ್ರೆ ನೆಟ್ಟಗಾಗತ್ತೆ. ಗಾರ್ಮೆಂಟ್ಸ್‌ಗೆ ಹೋಗೋ ಹುಡುಗಿಯೊಬ್ಳು ಅದನ್ನ ತಿರುಗಿಸಿ ತಿರುಗಿಸಿ ನೋಡಿ, ಗಂಡನ ಕೈಗೆ ಕೊಟ್ಟು, "ಇಷ್ಟೇನಾ ಮೇಡಂ, ನಾನು ಕಬ್ಬಿಣದ್ದು ಅನ್ಕೊಂಡಿದ್ದೆ, ಹೊಟ್ಟೆ ಒಳಗೆ ಓಡಾಡ್ಕೊಂಡು ಎದೆಗೆ ಹೋಗತ್ತಂತೆ" ಅಂದ್ಳು. ಗರ್ಭಕೋಶದಿಂದ ಎದೆಗೆ ದಾರಿನೇ ಇಲ್ಲಮ್ಮ ಅಂತ ಚಿತ್ರ ಬರೆದು ತೋರಿಸ್ದೆ. ಹಾಕುವಾಗ ಗರ್ಭಕೋಶಕ್ಕೆ ಗಾಯ ಆಗೋದು ಸಾವಿರಕ್ಕೆ ಒಂದೆರಡು, ಅದನ್ನೂ ಮುಚ್ಚಿಡದೆ ಹೇಳ್ತೀನಿ. ಇದ್ರಲ್ಲಿ 380ಎ ಅನ್ನೋ ಥರದ್ದು ಹತ್ತು ವರ್ಷ, 375 ಅನ್ನೋದು ಐದು ವರ್ಷ ಬರತ್ತೆ, ಬೇಕಾದಾಗ ತೆಗೆಸಬಹುದು, ತೆಗೆದ ತಕ್ಷಣ ಗರ್ಭ ನಿಲ್ಲೋ ಶಕ್ತಿ ವಾಪಸ್. ನೂರು ಜನ ಹಾಕ್ಕೊಂಡ್ರೆ ವರ್ಷದಲ್ಲಿ ಒಬ್ರಿಗೂ ಗರ್ಭ ನಿಲ್ಲೋದು ಕಷ್ಟ, ಯಾಕಂದ್ರೆ ಇದ್ರಲ್ಲಿ ಮರೆಯೋದು ಅನ್ನೋದೇ ಇಲ್ಲ. ಮಕ್ಕಳಾಗದೇ ಇರೋರಿಗೂ ಹಾಕಬಹುದು, ಆದ್ರೆ ಸೋಂಕು ಇಲ್ಲ ಅಂತ ನೋಡ್ಕೊಂಡೇ ಹಾಕ್ಬೇಕು. ತೊಂದ್ರೆ ಇರೋದು ಬ್ಲೀಡಿಂಗಲ್ಲಿ, ಮೊದಲ ಕೆಲವು ತಿಂಗಳು ಮುಟ್ಟು ಜಾಸ್ತಿ, ನೋವೂ ಜಾಸ್ತಿ. ನಮ್ಮ ರಾಜ್ಯದಲ್ಲಿ ಅರ್ಧಕ್ಕೆ ಹತ್ತಿರ ಹೆಣ್ಮಕ್ಕಳಿಗೆ ರಕ್ತ ಕಮ್ಮಿ, ಅದಕ್ಕೇ ಹಿಮೋಗ್ಲೋಬಿನ್ ನೋಡದೆ ನಾನು ಹಾಕಲ್ಲ. ರಕ್ತ ಕಮ್ಮಿ ಇದ್ದು ಬ್ಲೀಡಿಂಗ್ ಹೆಚ್ಚಿರೋರಿಗೆ ಹಾರ್ಮೋನು ಇರೋ ವಂಕಿ ಒಳ್ಳೇದು, ಅದು ಬ್ಲೀಡಿಂಗ್ ಕಮ್ಮಿ ಮಾಡತ್ತೆ, ಪ್ರೈವೇಟಲ್ಲಿ ದುಡ್ಡು ಸ್ವಲ್ಪ ಜಾಸ್ತಿನೇ ಆಗತ್ತೆ. ತೋಳಿನ ಚರ್ಮದ ಕೆಳಗೆ ಕೂರಿಸೋ ಬೆಂಕಿಕಡ್ಡಿ ಗಾತ್ರದ ಇಂಪ್ಲಾಂಟ್ ಕೂಡ ಇದೆ, ಮೂರು ವರ್ಷ ಬರತ್ತೆ, ರಾಜ್ಯದ ಕೆಲವು ಜಿಲ್ಲೆಗಳಲ್ಲಿ ಸರ್ಕಾರಿ ಆಸ್ಪತ್ರೆಲೂ ಶುರುವಾಗಿದೆ, ನಿಮ್ಮೂರಲ್ಲಿ ಇದ್ಯಾ ಅಂತ ಕೇಳಿ ನೋಡಿ.

ನಂಗೆ ಅತಿ ಹೆಚ್ಚು ಚಿಂತೆ ಆಗೋದು ಮಾತ್ರ 72 ಗಂಟೆ ಮಾತ್ರೆ ನೋಡಿ. ಕಾಂಡೋಮ್ ಹರಿದಾಗ, ಏನೂ ಬಳಸದೇ ಇದ್ದಾಗ ತಗೊಳ್ಳೋದು ಅದು, ಎಷ್ಟು ಬೇಗ ತಗೊಂಡ್ರೆ ಅಷ್ಟು ಒಳ್ಳೇದು. ತಿಂಗಳಿಗೆ ಮೂರು ನಾಲ್ಕು ಸಲ ಅದನ್ನೇ ನುಂಗ್ತಿದ್ದು, ಮುಟ್ಟು ಪೂರ್ತಿ ಏರುಪೇರಾಗಿ, ಆಮೇಲೆ ಬಸಿರೂ ಆಗಿ ಬರೋ ಹುಡುಗೀರನ್ನ ನೋಡ್ತಾನೇ ಇರ್ತೀನಿ. ಅದು ಅಂಡ ಬಿಡುಗಡೆ ಆಗೋದನ್ನ ಮುಂದಕ್ಕೆ ಹಾಕತ್ತೆ ಅಷ್ಟೇ, ಹಾಗಾಗಿ ಮಾತ್ರೆ ತಗೊಂಡ ಮಾರನೇ ದಿನ ಮತ್ತೆ ಹಾಗೇ ಸೇರಿದ್ರೆ ಗರ್ಭ ನಿಲ್ಲೋ ಸಾಧ್ಯತೆ ಇನ್ನೂ ಇರತ್ತೆ. ಆಗಲೇ ನಿಂತಿರೋ ಗರ್ಭವನ್ನ ಅದು ತೆಗೆಯಲ್ಲ. ಐದು ದಿನದ ಒಳಗೆ ಕಾಪರ್-ಟಿ ಹಾಕಿಸಿದ್ರೆ ಮಾತ್ರೆಗಿಂತ ಗಟ್ಟಿ ಕೆಲಸ ಮಾಡತ್ತೆ ಅನ್ನೋದು ತುಂಬಾ ಜನಕ್ಕೆ ಗೊತ್ತೇ ಇಲ್ಲ.

ಅಷ್ಟೆಲ್ಲಾ ಮಾಡಿಯೂ ಡೇಟ್ ಬಂದಿಲ್ಲ ಅಂದ್ರೆ ದಯವಿಟ್ಟು ಮೆಡಿಕಲ್‌ನಿಂದ ಗರ್ಭಪಾತದ ಮಾತ್ರೆ ಕಿಟ್ ತಂದು ಮನೇಲಿ ನುಂಗ್ಬೇಡಿ. ಗರ್ಭ ಟ್ಯೂಬಲ್ಲಿ ನಿಂತಿದ್ರೆ ಆ ಮಾತ್ರೆ ಕೆಲಸ ಮಾಡಲ್ಲ, ಟ್ಯೂಬ್ ಒಡೆದು ಹೊಟ್ಟೆ ತುಂಬಾ ರಕ್ತ ಆಗಿ ರಾತ್ರೋರಾತ್ರಿ ಆಪರೇಷನ್‌ಗೆ ತರ್ತಾರೆ. ಗರ್ಭಪಾತದ ಕಾನೂನಿಗೆ 2021ರಲ್ಲಿ ತಿದ್ದುಪಡಿ ಆದ್ಮೇಲೆ ಗರ್ಭನಿರೋಧಕ ಕೈಕೊಟ್ಟು ನಿಂತ ಗರ್ಭವನ್ನ 20 ವಾರದವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯದ ಮೇಲೆ ತೆಗೆಸಬಹುದು, ಮದುವೆ ಆಗಿರಲಿ ಇಲ್ಲದಿರಲಿ. ಹದಿನೆಂಟು ದಾಟಿದವಳಿಗೆ ಅವಳ ಒಪ್ಪಿಗೆ ಸಾಕು, ಗಂಡನ ಸಹಿ ಕಾನೂನು ಕೇಳಲ್ಲ, ಹೆಸರೂ ಹೊರಗೆ ಹೋಗೋ ಹಾಗಿಲ್ಲ.

ಹಾಗಂತ ಗಂಡ ಹೊರಗೆ ಬೈಕ್ ಹತ್ರ ನಿಂತಿರೋದು ನಂಗೆ ಒಪ್ಪಿಗೆ ಇಲ್ಲ. ಮಾತ್ರೆ ಮರೆತ ದಿನ ಕಾಂಡೋಮ್ ಹಾಕ್ಕೋಬೇಕಾದವನು ಅವನೇ, ಬ್ಲೀಡಿಂಗ್ ಯಾಕೆ ಹೆಚ್ಚಾಗಿದೆ ಅಂತ ಅವನಿಗೂ ಗೊತ್ತಿರ್ಬೇಕು, "ಇನ್ನೂ ವಿಶೇಷ ಏನಿಲ್ವಾ" ಅಂತ ನೆಂಟ್ರು ಕೇಳಿದಾಗ ಉತ್ತರ ಕೊಡೋ ಭಾರ ಹೆಂಡ್ತಿ ಒಬ್ಳ ಮೇಲೇ ಬೀಳಬಾರ್ದು. ಬರೋವಾಗ ಕೊನೇ ಮುಟ್ಟಿನ ಡೇಟ್ ಬರ್ಕೊಂಡು ಬನ್ನಿ, ತಗೋತಿರೋ ಮಾತ್ರೆ ಶೀಟೆಲ್ಲ ಒಂದು ಕವರಲ್ಲಿ ಹಾಕ್ಕೊಂಡು ಬನ್ನಿ. ಇಬ್ರೂ ಒಳಗೆ ಬನ್ನಿ, ಆಮೇಲೆ ಹುಡುಗಿ ಜೊತೆ ಐದು ನಿಮಿಷ ಒಬ್ಳೇ ಮಾತಾಡ್ತೀನಿ, ಬೇಜಾರ್ ಮಾಡ್ಕೋಬೇಡಿ. ಮೂರು ತಿಂಗಳು ಬಳಸಿ ಒಗ್ಗಲಿಲ್ಲ ಅಂದ್ರೆ ವಾಪಸ್ ಬನ್ನಿ, ಬೇರೇದು ನೋಡೋಣ, ಆದ್ರೆ ಬರೋವರೆಗೂ ಕಾಂಡೋಮ್ ಬಿಡಬೇಡಿ.